ದಿನಕ್ಕೆ ನೂರು ಎಂ.ಎಲ್.

ನಮ್ಮ ಯಜಮಾನರ ಕುತ್ತಿಗೆಯಿಂದ ಹಾಲು ಬಂದದ್ದು ಆಪರೇಷನ್ ಆದ ಮೂರನೆಯ ದಿನ, ಮಧ್ಯಾಹ್ನ ಎರಡು ಗಂಟೆಗೆ. ನಾನು ಇದ್ದದ್ದಕ್ಕೆ ಬಣ್ಣ ಕಟ್ಟಿ ಹೇಳುವ ಹೆಂಗಸಲ್ಲ. ಗಾಯದ ನಳಿಗೆಗೆ ಸೇರಿಸಿದ್ದ ಬಾಟಲಿಯಲ್ಲಿ ಬೆಳಗಿನವರೆಗೆ ಕೆಂಪು ನೀರಿತ್ತು, ಮಧ್ಯಾಹ್ನ ಹಾಲಿತ್ತು. ಇವರು ದಿಂಬಿಗೆ ಒರಗಿಕೊಂಡೇ ಅದನ್ನು ಕಿಟಕಿಯ ಬೆಳಕಿಗೆ ಹಿಡಿ ಅಂದರು. ಹಿಡಿದೆ. ಒಂದು ಕಣ್ಣು ಮುಚ್ಚಿ ನೋಡಿ, "ಮೂರೂವರೆ ಫ್ಯಾಟು ಇರಬಹುದು" ಅಂದರು.

ಇವರ ಕಸುಬೇ ಅದು. ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವರು. ಮೂವತ್ತೊಂದು ವರ್ಷದಿಂದ ಬೆಳಗಿನ ಐದಕ್ಕೆ ಕಿಟಕಿಯ ಹಿಂದೆ ನಿಂತು, ಸಾಲಿನಲ್ಲಿ ಬಂದ ಒಂದೊಂದು ಕ್ಯಾನಿನಿಂದ ಒಂದೊಂದು ಸೌಟು ತೆಗೆದು, ಜಿಡ್ಡೆಷ್ಟು ನೀರೆಷ್ಟು ಎಂದು ಅಳೆದು, ಸಾಲಿನ ಕೊನೆಯವನಿಗೂ ಕೇಳುವ ಹಾಗೆ ಕೂಗಿ ಹೇಳುತ್ತಾರೆ. ಪಾಯಿಂಟಿನ ಆಚೆಯ ಅಂಕಿಯನ್ನೂ ಬಿಡುವುದಿಲ್ಲವಾದ್ದರಿಂದ ಹಾಲು ಹಾಕುವವರು ಇವರಿಗೆ ಪಾಯಿಂಟಪ್ಪ ಎಂದು ಹೆಸರಿಟ್ಟಿದ್ದಾರೆ. ಯಾರೇ ಬಾಯಿಮಾತಿನಲ್ಲಿ ಒಂದು ಅಂಕಿ ಹೇಳಿದರೆ ಇವರು ನಂಬುವುದಿಲ್ಲ. ಮದುವೆಯಾದ ಹೊಸದರಲ್ಲಿ ನನಗೆ ಜ್ವರ ಬಂದು, ನೂರಾ ಎರಡು ಇದೆ ಎಂದು ನರಳುತ್ತ ಹೇಳಿದರೆ, ಥರ್ಮಾಮೀಟರ್ ತೊಳೆದು ಇನ್ನೊಮ್ಮೆ ಇಟ್ಟು ನೋಡಿ ನೂರಾ ಒಂದು ಪಾಯಿಂಟ್ ಎಂಟು ಅಂದ ಮಹಾನುಭಾವರು. ಆ ಎರಡು ಪಾಯಿಂಟಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಕುತ್ತಿಗೆಯಲ್ಲಿದ್ದದ್ದು ಥೈರಾಯ್ಡಿನ ಗಂಟು. ಪರೀಕ್ಷೆಗೆ ಕಳಿಸಿದಾಗ ಕೆಟ್ಟದ್ದು ಎಂದು ಬಂತು. ಎಡಗಡೆಗೆ ಇನ್ನೂ ನಾಲ್ಕು ಗಂಟುಗಳಾಗಿ ಹರಡಿತ್ತು. ಮೂರು ಗಂಟೆಯ ಕೆಲಸ ಎಂದು ಒಳಗೆ ಕರೆದುಕೊಂಡು ಹೋದವರು ಆರು ಗಂಟೆ ತೆಗೆದುಕೊಂಡರು. ಆ ಬಾಗಿಲಿನ ಎದುರಿನ ಕಬ್ಬಿಣದ ಬೆಂಚಿನ ಮೇಲೆ ನಾಲ್ಕನೆಯ ಗಂಟೆಗೆ ನನ್ನ ಕೈಕಾಲು ತಣ್ಣಗಾದವು, ಐದನೆಯ ಗಂಟೆಗೆ ಇವರ ಅಂಗಿಗಳನ್ನೆಲ್ಲ ಯಾರಿಗೆ ಕೊಡುವುದು ಎಂದು ಯೋಚನೆ ಬಂತು. ಅಂಥ ಯೋಚನೆ ಬಂದದ್ದಕ್ಕೆ ಕೆನ್ನೆಗೆ ಹೊಡೆದುಕೊಂಡೆ. ಪಕ್ಕದಲ್ಲಿದ್ದವರು ಸೊಳ್ಳೆಯಾ ಎಂದು ಕೇಳಿದರು. ಹೌದು ಅಂದೆ.

ಹಾಲು ಬಂದ ದಿನ ಸಂಜೆ ದೊಡ್ಡ ಡಾಕ್ಟರು ಬಂದು ಬಿಡಿಸಿ ಹೇಳಿದರು. ನಾವು ತಿಂದದ್ದರ ಜಿಡ್ಡು ಹೊಟ್ಟೆಯಿಂದ ನೇರವಾಗಿ ರಕ್ತಕ್ಕೆ ಹೋಗುವುದಿಲ್ಲವಂತೆ. ಎದೆಯೊಳಗೆ ಒಂದು ಸಣ್ಣ ನಾಳ ಅದನ್ನು ಹೊತ್ತು ಮೇಲೆ ಹತ್ತಿ, ಎಡಗಡೆ ಕುತ್ತಿಗೆಯ ಬುಡದಲ್ಲಿ ರಕ್ತನಾಳಕ್ಕೆ ಸೇರಿಸುತ್ತದಂತೆ. ಅದರ ಗೋಡೆ ಒದ್ದೆ ಕಾಗದದಷ್ಟು ತೆಳು. ಖಾಲಿ ಹೊಟ್ಟೆಯಲ್ಲಿ ಅದರೊಳಗೆ ಹರಿಯುವುದು ನೀರಿನ ಹಾಗೆ ಇರುವುದರಿಂದ ಆಪರೇಷನ್ ಹೊತ್ತಿಗೆ ಕಣ್ಣಿಗೇ ಬೀಳುವುದಿಲ್ಲ. ಗಂಟು ಬಿಡಿಸುವಾಗ ಎಲ್ಲೋ ತಾಗಿ ತೂತಾಗಿದೆ. ಎರಡು ದಿನ ಬರೀ ಗಂಜಿನೀರು ಕುಡಿದಿದ್ದರಿಂದ ಗೊತ್ತಾಗಲಿಲ್ಲ. ಮೂರನೆಯ ದಿನ ಬೆಳಗ್ಗೆ ಬೆಣ್ಣೆ ಸವರಿದ ಬ್ರೆಡ್ಡು, ಮೊಟ್ಟೆ ಕೊಟ್ಟದ್ದೇ ತಡ, ಜಿಡ್ಡು ದಾರಿ ತಪ್ಪಿ ಬಾಟಲಿಗೆ ಇಳಿದಿದೆ. ಹೀಗೆ ಆಗುವುದುಂಟು, ಹೆಚ್ಚಿನವರಿಗೆ ಪಥ್ಯದಲ್ಲೇ ನಿಲ್ಲುತ್ತದೆ ಎಂದರು.

ಇಷ್ಟೆಲ್ಲ ಕೇಳಿಸಿಕೊಂಡು ಇವರು ಕೇಳಿದ್ದು ಒಂದೇ ಪ್ರಶ್ನೆ, ದಿನಕ್ಕೆ ಎಷ್ಟು ಬಂದರೆ ಹೆಚ್ಚು ಎಂದು. ಡಾಕ್ಟರಿಗೆ ಪ್ರಶ್ನೆ ಹಿಡಿಸಿತು. ಐದು ದಿನ ನೋಡೋಣ, ದಿನಕ್ಕೆ ಮುನ್ನೂರು ಎಂ.ಎಲ್. ಆಸುಪಾಸಿಗೆ ಇಳಿದರೆ ಕಾಯುವುದು, ಇಳಿಯದಿದ್ದರೆ ಮತ್ತೆ ತೆರೆದು ಆ ನಾಳವನ್ನು ಹುಡುಕಿ ಕಟ್ಟುವುದು ಎಂದರು. ಎರಡನೆಯ ಸಲ ತೆರೆಯುವುದು ಮೊದಲಿನಷ್ಟು ಸಲೀಸಲ್ಲ, ಅಲ್ಲೆಲ್ಲ ಅಂಟಿಕೊಂಡಿರುತ್ತದೆ, ಧ್ವನಿಯ ನರ, ಉಸಿರಿನ ನರ ಎರಡೂ ಅಲ್ಲೇ ಹಾದುಹೋಗುತ್ತವೆ ಎಂದೂ ಹೇಳಿದರು. ಇವರು ಮುನ್ನೂರು ಎನ್ನುವುದನ್ನು ಕೇಳಿಸಿಕೊಂಡರು. ನಾನು ಉಸಿರು ಎನ್ನುವುದನ್ನು ಕೇಳಿಸಿಕೊಂಡೆ.

ಪಥ್ಯ ಶುರುವಾಯಿತು. ಜಿಡ್ಡು ಎನ್ನುವ ಪದಾರ್ಥವೇ ಇಲ್ಲದ ಊಟ: ಬೇಯಿಸಿದ ತರಕಾರಿ, ಹಣ್ಣಿನ ರಸ, ನೀರಿನಲ್ಲಿ ಕಲಸಿದ ಯಾವುದೋ ಪುಡಿ. ಕುತ್ತಿಗೆಗೆ ಬಿಗಿಯಾದ ಪಟ್ಟಿ. ದಿನಕ್ಕೆ ಮೂರು ಸಲ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್. ತಲೆ ಎತ್ತರದಲ್ಲೇ ಇರಬೇಕು. ಕೆಮ್ಮಬಾರದು, ತಿಣುಕಬಾರದು, ಜೋರಾಗಿ ನಗಬಾರದು. ಕೊನೆಯದು ಇವರಿಗೆ ಕಷ್ಟವಾಗಲಿಲ್ಲ. ನನ್ನ ನಾದಿನಿ, ಅಂದರೆ ಇವರ ತಂಗಿ, ಅಣ್ಣ ಸೊರಗಿದ್ದಾನೆ ಎಂದು ಒಂದು ಡಬ್ಬಿ ಬಾದಾಮಿ ತಂದಳು. ಡಬ್ಬಿಯ ಸಮೇತ ವಾಪಸ್ಸು ಕಳಿಸಿದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಇವರು ಮಲಗಿದ್ದ ಒಂಬತ್ತನೆಯ ಹಾಸಿಗೆಯ ಸುತ್ತಮುತ್ತ ಇದ್ದ ಎಣ್ಣೆಯೆಂದರೆ ಅದೊಂದೇ.

ಅಳೆಯುವ ಕೆಲಸ ನನ್ನ ಪಾಲಿಗೆ ಬಂದದ್ದು ಹೀಗೆ. ವಾರ್ಡಿನಲ್ಲಿ ಇಪ್ಪತ್ತೆರಡು ಹಾಸಿಗೆ, ಸಿಸ್ಟರ್ ಒಬ್ಬರೇ. ಮೊದಲ ದಿನ ಅವರೇ ಅಳೆದು ಆರುನೂರ ನಲವತ್ತು ಎಂದು ಬರೆದರು. ಬಾಟಲಿ ಬಿಚ್ಚುವುದು, ಗೆರೆ ಹಾಕಿದ ಜಾಡಿಗೆ ಸುರಿಯುವುದು, ಬಾಟಲಿಯನ್ನು ಅದುಮಿ ಗಾಳಿ ತೆಗೆದು ಮುಚ್ಚುವುದು, ಎಲ್ಲವನ್ನೂ ನಾನು ನೋಡುತ್ತಿದ್ದುದನ್ನು ನೋಡಿ ನನಗೇ ಕಲಿಸಿಕೊಟ್ಟರು. ಅಳತೆಯವರ ಮನೆಯವರು ತಾನೇ ಅಂದರು. ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ ತೊಳೆಯುವ ಕೋಣೆಗೆ ಹೋಗಿ ಅಳೆದು, ಸಿಂಕಿಗೆ ಸುರಿದು, ಕಾಲಬುಡದಲ್ಲಿ ತೂಗುಹಾಕಿದ್ದ ಪಟ್ಟಿಯಲ್ಲಿ ದಿನದ ಒಟ್ಟು ಬರೆಯಬೇಕು. ಇಂಥ ನಂಬಿಕೆಯನ್ನು ನನ್ನ ಗಂಡ ಮೂವತ್ತು ವರ್ಷದಲ್ಲಿ ನನ್ನ ಮೇಲೆ ಇಟ್ಟಿರಲಿಲ್ಲ. ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಎರಡನೆಯ ದಿನ ಆರುನೂರ ಹತ್ತು. ಹಾಗೆಯೇ ಬರೆದೆ. ಮೂವತ್ತು ಇಳಿದಿದೆ ಎಂದು ಜೀವಕ್ಕೆ ಸಮಾಧಾನವಾಯಿತು. ಮೂರನೆಯ ದಿನ ಆರುನೂರ ಮೂವತ್ತು. ಜಾಡಿಯನ್ನು ಸಮನಾಗಿ ಇಟ್ಟು, ಮೊಣಕಾಲೂರಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿದೆ. ಆರುನೂರ ಮೂವತ್ತೇ. ಆ ಬಾಗಿಲು, ಆ ಬೆಂಚು, ಆ ಐದನೆಯ ಗಂಟೆ ಎಲ್ಲ ಕಣ್ಣ ಮುಂದೆ ಬಂತು. ನನಗೆ ಹೆದರಿಕೆಯಾಯಿತು. ಸುತ್ತಿ ಬಳಸಿ ಹೇಳುವುದಕ್ಕೆ ಅದರಲ್ಲಿ ಏನೂ ಇಲ್ಲ. ಸಿಂಕಿಗೆ ಸುರಿದೆ, ಜಾಡಿ ತೊಳೆದೆ, ಬಂದು ಐನೂರ ಹತ್ತು ಎಂದು ಬರೆದೆ.

ಮನಸ್ಸಿಗೆ ಒಂದು ಸಮಜಾಯಿಷಿಯನ್ನೂ ಕೊಟ್ಟುಕೊಂಡೆ. ಹೆಚ್ಚಿನವರಿಗೆ ತಾನಾಗಿ ನಿಲ್ಲುತ್ತದೆ ಎಂದು ಡಾಕ್ಟರೇ ಹೇಳಿದ್ದಾರಲ್ಲ. ನನ್ನ ಅಂಕಿ ಎರಡು ದಿನ ಮುಂದೆ ಓಡಿದೆ, ನಿಜವಾದದ್ದು ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ. ಆದರೂ ಇಂಥ ಮನುಷ್ಯನ ಜೊತೆ ಸಂಸಾರ ಮಾಡಿದವಳು ಕಂಡ ಅಂಕಿಯನ್ನು ಬರೆಯದೆ ಬಿಡುವುದಕ್ಕೆ ಆಗುವುದಿಲ್ಲ, ಕೈ ಕಡಿಯುತ್ತದೆ. ಪಥ್ಯದ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ನಿಜವಾದ ಅಂಕಿ ಬರೆದು ಕೈಚೀಲದಲ್ಲಿ ಇಟ್ಟುಕೊಂಡೆ. ನಾಲ್ಕನೆಯ ದಿನ ಹಾಳೆಗೆ ಆರುನೂರ ಐವತ್ತು, ಪಟ್ಟಿಗೆ ನಾನೂರ ಹತ್ತು. ಐದನೆಯ ದಿನ ಹಾಳೆಗೆ ಆರುನೂರ ಇಪ್ಪತ್ತು, ಪಟ್ಟಿಗೆ ಮುನ್ನೂರ ಹತ್ತು.

ಐದನೆಯ ದಿನ ದೊಡ್ಡ ಡಾಕ್ಟರು ಪಟ್ಟಿ ನೋಡಿ ನಕ್ಕರು. ಅವರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಮುನ್ನೂರಕ್ಕೆ ಬಂದೇ ಬಂತು, ಇಳಿಯುವ ರೀತಿ ಚೆನ್ನಾಗಿದೆ, ತೆರೆಯುವ ಮಾತೇ ಇಲ್ಲ ಎಂದರು. ಅವರ ಕೈಕೆಳಗಿನ ಡಾಕ್ಟ್ರಮ್ಮ ಪಟ್ಟಿಯ ಫೋಟೋ ತೆಗೆದುಕೊಂಡರು. ಬರುವ ತಿಂಗಳು ಡಾಕ್ಟರುಗಳ ಸಭೆಯಲ್ಲಿ, ಇಂಥ ಸೋರಿಕೆಯನ್ನು ಕತ್ತರಿ ಇಲ್ಲದೆ ನಿಲ್ಲಿಸುವ ಬಗ್ಗೆ ಅವರು ಮಾತಾಡಬೇಕಂತೆ. ಇಷ್ಟು ಚಂದವಾಗಿ ಇಳಿದದ್ದನ್ನು ಪುಸ್ತಕದಲ್ಲೂ ನೋಡಿಲ್ಲ ಎಂದರು. ಹೊಗಳಿಕೆ ಯಾರಿಗೆ ಬೇಡ. ನಾನು ತಲೆ ತಗ್ಗಿಸಿ ನಿಂತೆ, ವಿನಯ ಎಂದುಕೊಂಡರು.

ಇತ್ತ ಇವರು ಮಾತ್ರ ಇಳಿಯುತ್ತಲೇ ಹೋದರು. ಕೆನ್ನೆ ಒಳಗೆ ಹೋಯಿತು, ಪಾದ ಊದಿತು. ಎದ್ದು ಕೂತರೆ ತಲೆ ತಿರುಗಿ ಮಂಚದ ಕಂಬಿ ಹಿಡಿಯುತ್ತಿದ್ದರು. ರಕ್ತದಲ್ಲಿ ಉಪ್ಪು ಕಡಿಮೆ, ಪ್ರೋಟೀನು ಕಡಿಮೆ ಎಂದು ವರದಿ ಬಂತು. ಬಾಟಲಿಯಲ್ಲಿ ಹೋಗುತ್ತಿರುವುದು ಇಷ್ಟೇ ಆದರೆ ಉಳಿದದ್ದು ಎಲ್ಲಿ ಹೋಗುತ್ತಿದೆ ಎಂದು ಡಾಕ್ಟ್ರಮ್ಮ ತಲೆ ಕೆರೆದುಕೊಂಡರು. ಮೂತ್ರಪಿಂಡದವರು ಬಂದು ನೋಡಿದರು, ಲಿವರಿನವರು ಬಂದು ಅದುಮಿದರು. ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದಿಡಲು ಹೇಳಿದರು. ಎರಡೂ ಮೊಣಕೈಗಳ ಒಳಮೈ ಸೂಜಿ ಚುಚ್ಚಿ ನೀಲಿಯಾಯಿತು. ಎಲ್ಲಿ ಹೋಗುತ್ತಿದೆ ಎಂದು ಆ ಕಟ್ಟಡದಲ್ಲಿ ಗೊತ್ತಿದ್ದದ್ದು ನನಗೆ ಮತ್ತು ಸಿಂಕಿಗೆ. ಪ್ರತಿ ಸಲ ಸೂಜಿ ಬಂದಾಗಲೂ ಬಾಯಿ ತೆರೆಯುತ್ತಿದ್ದೆ. ತೆರೆದ ಬಾಯಿಂದ ಮೆಲ್ಲಗೆ ಚುಚ್ಚಿ ಎನ್ನುವ ಮಾತಷ್ಟೇ ಬರುತ್ತಿತ್ತು.

ಆರನೆಯ ದಿನ ಬೆಳಗ್ಗೆ ಆರುನೂರ ನಲವತ್ತು ಬಂತು. ಹಿಂದಿನಿಂದ ಬಂದು ಸೇರಿಕೊಳ್ಳಬೇಕಾಗಿದ್ದ ನಿಜ ಹೊರಟಲ್ಲೇ ನಿಂತಿತ್ತು. ಇನ್ನೂರ ಹತ್ತು ಎಂದು ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಮಧ್ಯಾಹ್ನ, ಪುಡಿಯ ನೀರು ಕುಡಿದಾದ ಮೇಲೆ, ಇವರು ಪಟ್ಟಿ ಕೊಡು ಅಂದರು. ಕನ್ನಡಕವನ್ನೂ ಕೇಳಿದರು. ಕೊಟ್ಟೆ. ಮಗ್ಗಿ ಒಪ್ಪಿಸುವ ಹಾಗೆ ಓದಿದರು.

"ಆರುನೂರ ಹತ್ತು. ಐನೂರ ಹತ್ತು. ನಾನೂರ ಹತ್ತು. ಮುನ್ನೂರ ಹತ್ತು. ಇನ್ನೂರ ಹತ್ತು." ಕನ್ನಡಕ ತೆಗೆದರು. "ನಾಳೆ ಎಷ್ಟು ಬರುತ್ತೆ?"

ನಾನು ಹೊದಿಕೆಯ ಅಂಚನ್ನು ಸರಿಮಾಡಿದೆ.

"ನೂರ ಹತ್ತು ಬರುತ್ತೆ. ನಾಡಿದ್ದು ಹತ್ತು. ಆಚೆ ನಾಡಿದ್ದು ಬಾಟಲೀನೇ ನಮಗೆ ತೊಂಬತ್ತು ವಾಪಸ್ ಕೊಡಬೇಕಾಗುತ್ತೆ."

ಇವರ ದನಿಯಲ್ಲಿ ಸಿಟ್ಟಿರಲಿಲ್ಲ. ಕಿಟಕಿಯ ಹಿಂದೆ ನಿಂತು ಯಾರದ್ದೋ ಕ್ಯಾನಿನ ಬಗ್ಗೆ ಹೇಳುವ ಹಾಗೆಯೇ ಹೇಳಿದರು. ಮೂವತ್ತೊಂದು ವರ್ಷದಲ್ಲಿ ಹಾಲಿಗೆ ನೀರು ಬೆರೆಸುವವರನ್ನು ಬೇಕಾದಷ್ಟು ನೋಡಿದ್ದಾರಂತೆ. ಅವರೂ ಒಂದು ದಿನ ಹೆಚ್ಚು ಒಂದು ದಿನ ಕಡಿಮೆ ಬೆರೆಸಿ ಅನುಮಾನ ಬಾರದ ಹಾಗೆ ನೋಡಿಕೊಳ್ಳುತ್ತಾರಂತೆ. ದಿನಾ ಗೆರೆ ಎಳೆದ ಹಾಗೆ ಸುಳ್ಳು ಬರೆದ ದಡ್ಡರು ಇದುವರೆಗೆ ಸಿಕ್ಕಿರಲಿಲ್ಲವಂತೆ. ಅಂಥ ಹೊತ್ತಿನಲ್ಲೂ ನನಗೆ ಮೈ ಉರಿಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು ಇನ್ನು ಹೇಗೆ ಬರೆಯುತ್ತಾಳೆ ಎಂದು ಕೇಳಬೇಕೆನಿಸಿತು. ಕೇಳಿದ್ದು ಬೇರೆ.

"ನಿಮಗೆ ಯಾವತ್ತು ಗೊತ್ತಾಯ್ತು?"

"ಡಾಕ್ಟ್ರು ದಿನಾ ಪಟ್ಟಿ ಓದೋದು ಕೇಳ್ತಿದ್ದೆ. ನಾನೂರ ಹತ್ತಕ್ಕೆ ಅನುಮಾನ ಬಂತು. ಮುನ್ನೂರ ಹತ್ತಕ್ಕೆ ಗೊತ್ತಾಯ್ತು."

ಅಂದರೆ ನಿನ್ನೆ. ನಿನ್ನೆ ದೊಡ್ಡ ಡಾಕ್ಟರು ನಕ್ಕಾಗ ಇವರು ಅಲ್ಲೇ ಮಲಗಿದ್ದರು. ಡಾಕ್ಟ್ರಮ್ಮ ಫೋಟೋ ತೆಗೆದಾಗಲೂ ಅಲ್ಲೇ ಇದ್ದರು. ಬೆಳಗ್ಗೆ ಮೊಣಕೈಗೆ ಸೂಜಿ ಹಾಕಿದಾಗ ಕೈ ಮುಂದೆ ಚಾಚಿದ್ದರು. ಪಾಯಿಂಟ್ ಎರಡಕ್ಕೆ ಹೆಂಡತಿಯ ಜ್ವರವನ್ನು ತಿದ್ದಿದ ಮನುಷ್ಯ ಒಂದು ಇಡೀ ದಿನ ಮುನ್ನೂರು ಎಂ.ಎಲ್. ಸುಳ್ಳನ್ನು ನುಂಗಿಕೊಂಡು ಸುಮ್ಮನಿದ್ದರು. ಯಾಕೆ ಎಂದು ಕೇಳಿದೆ.

ಇವರು ಕನ್ನಡಕ ಮಡಚಿ ನನ್ನ ಕೈಗೆ ಕೊಟ್ಟರು. ಆಮೇಲೆ ಅಂದರು: "ಮುನ್ನೂರ ಹತ್ತು ಕೇಳಿ ಸಮಾಧಾನ ಆಯ್ತು ಕಣೇ. ಸುಳ್ಳು ಅಂತ ಗೊತ್ತಿದ್ದೂ ಸಮಾಧಾನ ಆಯ್ತು. ಮತ್ತೆ ಆ ಬಾಗಿಲೊಳಗೆ ಹೋಗೋಕೆ ನಂಗೆ ಭಯ."

ಮೂವತ್ತು ವರ್ಷದಲ್ಲಿ ಇವರ ಬಾಯಲ್ಲಿ ನಾನು ಕೇಳದಿದ್ದ ಮಾತು ಅದು. ಸ್ಟೂಲು ಎಳೆದುಕೊಂಡು ಇವರ ಪಕ್ಕಕ್ಕೆ ಕೂತೆ. ನನಗೂ ಅದೇ ಭಯ, ಅದಕ್ಕೇ ಬರೆದದ್ದು ಅಂದೆ. ಇಬ್ಬರೂ ಒಂದೇ ರೋಗಿಯ ಹಾಗೆ ಕೂತಿದ್ದೆವು. ಪಕ್ಕದ ಹಾಸಿಗೆಯವರು ರೇಡಿಯೋ ಸಣ್ಣದು ಮಾಡಿದರು, ಪಾಪ, ಮಾತು ಸರಿಯಾಗಿ ಕೇಳಿಸಲಿ ಎಂದು. ನಿಜವಾದ ಅಂಕಿ ನೆನಪಿದೆಯಾ ಎಂದು ಇವರು ಕೇಳಿದರು. ಕೈಚೀಲದಿಂದ ಹಾಳೆ ತೆಗೆದು ಕೊಟ್ಟೆ. ನೋಡಿ, ಹೂಂ, ಇದು ಹಾಲು, ಅಂದರು. ಏರಿಳಿತ ಇದೆ ಎಂದರು. ನಾಲ್ಕು ಗಂಟೆಗೆ ಡಾಕ್ಟರು ಬಂದಾಗ ತಾನೇ ಹೇಳುತ್ತೇನೆ ಎಂದರು. ಬರೆದವಳು ನಾನು, ನಾನೇ ಹೇಳುತ್ತೇನೆ ಅಂದೆ. ಅದಕ್ಕೂ ಸ್ವಲ್ಪ ಜಗಳವಾಯಿತು.

ನಾಲ್ಕಕ್ಕೆ ದೊಡ್ಡ ಡಾಕ್ಟರು ಒಬ್ಬರೇ ಬರಲಿಲ್ಲ. ಡಾಕ್ಟ್ರಮ್ಮ, ಸಿಸ್ಟರ್, ಜೊತೆಗೆ ಓದುತ್ತಿರುವ ನಾಲ್ಕು ಜನ. ಬಾಯಿ ತೆರೆಯುವಷ್ಟರಲ್ಲಿ ಪಾಠ ಶುರುವಾಗಿಬಿಟ್ಟಿತು. ಪಟ್ಟಿಯನ್ನು ಎತ್ತಿ ಹಿಡಿದು, ಅವಸರಪಟ್ಟು ಕತ್ತರಿ ಹಿಡಿದಿದ್ದರೆ ಏನಾಗುತ್ತಿತ್ತು, ಈ ಇಳಿತ ನಮಗೆ ಏನು ಕಲಿಸುತ್ತದೆ ಎಂದು ಕೇಳಿದರು. ತಾಳ್ಮೆ, ಸರ್, ಎಂದು ಒಬ್ಬಳು ಹೇಳಿದಳು. ಸರಿಯಾದ ಉತ್ತರ ಎಂದರು. ಮಧ್ಯೆ ಬಾಯಿ ಹಾಕುವುದು ಮರ್ಯಾದೆಯಲ್ಲ ಎಂದು ನಾನು ಉತ್ತರ ಮುಗಿಯುವವರೆಗೂ ಕಾದೆ.

"ಡಾಕ್ಟ್ರೇ, ಆ ಪಟ್ಟಿ ಸುಳ್ಳು," ಅಂದೆ. "ಮೂರನೇ ದಿನದಿಂದ ನಾನೇ ಸುಳ್ಳು ಬರೆದಿದೀನಿ. ನಿಜವಾದದ್ದು ಇಲ್ಲಿದೆ."

ಪಥ್ಯದ ಹಾಳೆಯನ್ನು ಕೊಟ್ಟೆ. ಅವರು ಅದರ ಮುಂಭಾಗ ನೋಡಿದರು, ಅಲ್ಲಿ ಸೌತೆಕಾಯಿ ತಿನ್ನಬಹುದು ಎಂದಿತ್ತು. ತಿರುಗಿಸಿದರು. ನಾಲ್ಕು ಅಂಕಿ ಓದುವುದಕ್ಕೆ ಅಷ್ಟು ಹೊತ್ತು ಬೇಕಾಗಿರಲಿಲ್ಲ. ಡಾಕ್ಟ್ರಮ್ಮ ಮೊಬೈಲು ತೆಗೆದು ಏನನ್ನೋ ಅಳಿಸಿದರು. ತಾಳ್ಮೆ ಎಂದ ಹುಡುಗಿ ಸೀಲಿಂಗು ನೋಡಿದಳು. ದೊಡ್ಡ ಡಾಕ್ಟರು ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಮೆಲ್ಲಗೆ, ಬಾಟಲಿಯಲ್ಲಿದ್ದದ್ದನ್ನು ನಾವು ಎರಡು ದಿನ ಇವರ ಕಿಡ್ನಿಯಲ್ಲಿ ಹುಡುಕಿದೆವಲ್ಲಮ್ಮ ಎಂದರು. ಇನ್ನೊಂದು ನಾಲ್ಕು ದಿನ ಹೀಗೇ ಹೋಗಿದ್ದರೆ ಹುಡುಕುವ ಅಗತ್ಯವೇ ಇರುತ್ತಿರಲಿಲ್ಲ ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಹಾಸಿಗೆಯಿಂದ ಇವರ ದನಿ ಬಂತು. ಬಡಕಲಾದರೂ ಸಾಲಿನ ಕೊನೆಯವರೆಗೆ ಕೇಳುವ ಅದೇ ದನಿ. "ಅವಳೊಬ್ಬಳದೇ ಅಲ್ಲ ಡಾಕ್ಟ್ರೇ. ನಿನ್ನೆಯಿಂದ ನಂಗೂ ಗೊತ್ತಿತ್ತು. ಬರ್ಕೊಳಿ."

ಡಾಕ್ಟರು ಏನನ್ನೂ ಬರೆದುಕೊಳ್ಳಲಿಲ್ಲ. ನಾಳೆಯೇ ತೆರೆಯೋಣ ಎಂದು ಹೇಳಿ, ಅಷ್ಟರೊಳಗೆ ರಕ್ತನಾಳದಿಂದ ಏನೇನು ಕೊಟ್ಟು ಮೈ ಸುಧಾರಿಸಬೇಕು ಎಂದು ಪಟಪಟನೆ ಹೇಳಿ ಹೊರಟರು. ಹೊರಗೆ ಸಿಸ್ಟರಿಗೆ ಏನು ಹೇಳಿದರೋ, ಸಿಸ್ಟರಿನ ಕಣ್ಣು ಕೆಂಪಗಾಗಿತ್ತು. ಕ್ಷಮೆ ಕೇಳಲು ಹೋದೆ. ಜಾಡಿ ಕೊಟ್ಟದ್ದು ತನ್ನ ತಪ್ಪು, ಬರೆದದ್ದು ನನ್ನ ತಪ್ಪು, ಒಂದಕ್ಕೊಂದು ವಜಾ ಆಗುವುದಿಲ್ಲ ಎಂದರು. ಇನ್ನು ಮುಂದೆ ಬಾಟಲಿಗೆ ಕೈ ಹಚ್ಚಕೂಡದು ಎಂದರು. ಸರಿ ಅಂದೆ.

ಮರುದಿನ ನಸುಕಿನಲ್ಲೇ ಸಿಸ್ಟರ್ ಒಂದು ಲೋಟ ಕೆನೆ ತಂದರು. ನನಗೆ ಅರ್ಥವಾಗಲಿಲ್ಲ. ಇಷ್ಟು ದಿನ ಬಾದಾಮಿಯನ್ನೂ ಓಡಿಸಿದ್ದೇನೆ. ಆಪರೇಷನ್ನಿಗೆ ಕೆಲವು ಗಂಟೆ ಮೊದಲು ಜಿಡ್ಡು ಕುಡಿಸಿದರೆ ತೂತಿನಿಂದ ಬಿಳಿಯಾಗಿ ಉಕ್ಕುತ್ತದೆ, ದೀಪದ ಕೆಳಗೆ ಎಲ್ಲಿ ಎಂದು ಕಣ್ಣಿಗೆ ಬೀಳುತ್ತದೆ, ದೊಡ್ಡ ಡಾಕ್ಟರೇ ಹೇಳಿದ್ದಾರೆ, ಅರಿವಳಿಕೆ ಕೊಡುವವರಿಗೂ ಹೊತ್ತು ತಿಳಿಸಿಯಾಗಿದೆ ಎಂದರು. ಹಾಲಿನ ವಾಸನೆಯಲ್ಲೇ ಬದುಕಿ ಹಾಲೆಂದರೆ ಮುಖ ತಿರುಗಿಸುವ ಮನುಷ್ಯ ಇವರು, ಕಾಫಿಯನ್ನೂ ಕಪ್ಪಗೇ ಕುಡಿಯುವುದು. ಲೋಟವನ್ನು ಓರೆ ಮಾಡಿ, ಅಂಚಿಗೆ ಅಂಟುವುದನ್ನು ನೋಡಿ, ಮೂವತ್ತೈದರ ಮೇಲಿದೆ ಎಂದು ಹೇಳಿ, ಮೂಗು ಹಿಡಿದು ಕುಡಿದರು. ಒಪ್ಪಿಗೆಯ ಕಾಗದಕ್ಕೆ ಇಬ್ಬರೂ ಸಹಿ ಹಾಕಿದೆವು. ಬಾಗಿಲಿನ ಹತ್ತಿರ ಇವರ ಕೈ ನನ್ನ ಕೈಯನ್ನು ಬಿಡಲಿಲ್ಲ. ಕರೆದುಕೊಂಡು ಹೋಗುವವನು ಒಂದೊಂದೇ ಬೆರಳು ಬಿಡಿಸಿದ.

ಎರಡೂವರೆ ಗಂಟೆಗೆ ದೊಡ್ಡ ಡಾಕ್ಟರು ಹೊರಗೆ ಬಂದರು. ತೂತು ಸಿಕ್ಕಿತು, ಕಟ್ಟಿ, ಮೇಲೆ ಪಕ್ಕದ ಸ್ನಾಯುವಿನ ತುಂಡು ಮುಚ್ಚಿದ್ದೇನೆ ಎಂದರು. ನಾನು ಕೈಮುಗಿದೆ. ಇನ್ನೊಂದು ಮಾತಿದೆ ಎಂದರು. ಅಷ್ಟು ದಿನ ಆ ರಸದಲ್ಲಿ ನೆನೆದು ಎಲ್ಲ ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡಿತ್ತು, ಧ್ವನಿಯ ನರವನ್ನು ಅದರಿಂದ ಬಿಡಿಸಬೇಕಾಯಿತು. ತುಂಡಾಗಿಲ್ಲ, ಆದರೆ ಪೆಟ್ಟು ತಿಂದಿದೆ. ದನಿ ಮರಳಿ ಬರಬಹುದು, ಬರದೆಯೂ ಇರಬಹುದು, ಆರು ತಿಂಗಳು ನೋಡಬೇಕು.

"ಮೊದಲೇ ಮಾಡಿದ್ರೆ ಹೀಗಾಗ್ತಿತ್ತಾ?" ಎಂದು ಕೇಳಿದೆ.

ನನ್ನ ಸಮಾಧಾನಕ್ಕೆ ಏನಾದರೂ ಹೇಳಬಹುದಿತ್ತು. "ಇಷ್ಟು ಕಷ್ಟ ಆಗ್ತಿರಲಿಲ್ಲ," ಅಂದರು.

ಇವರಿಗೆ ಎಚ್ಚರವಾಗಿ ಮಾತಾಡಲು ನೋಡಿದರೆ ಗಾಳಿ ಮಾತ್ರ ಬಂತು. ಹಾಲಿನ ಸಾಲಿನವರೆಗೆ ಹೋಗುವುದು ಹಾಗಿರಲಿ, ದಿಂಬಿನಾಚೆಗೂ ಕೇಳಿಸದು. ನಾನು ಮುಚ್ಚಿಡಲಿಲ್ಲ. ಡಾಕ್ಟರು ಹೇಳಿದ್ದನ್ನು ಹಾಗೆಯೇ ಹೇಳಿ, ನಿಮ್ಮ ದನಿ ತೆಗೆದದ್ದು ನಾನೇ ಎಂದು ಹೇಳಿ ಅತ್ತೆ. ಇವರು ಬೆರಳು ಮಡಚುತ್ತಾ ಏನೋ ಎಣಿಸಿದರು. ಕಿವಿ ಹತ್ತಿರ ತಾ ಎಂದು ಸನ್ನೆ ಮಾಡಿದರು.

"ನಾಲ್ಕು ದಿನ ಸುಳ್ಳು. ಮುನ್ನೂರ ಹತ್ತು, ಇನ್ನೂರ ಹತ್ತು ನನ್ನ ಲೆಕ್ಕಕ್ಕೆ. ಅರ್ಧ ಅರ್ಧ."

ಇಂಥ ಸಮಾಧಾನ ಹೇಳುವ ಗಂಡ ಇನ್ನೊಬ್ಬನಿದ್ದರೆ ಯಾರಾದರೂ ತೋರಿಸಲಿ. ನಾನು ಮತ್ತಷ್ಟು ಅತ್ತೆ.

ಬಾಟಲಿಗೆ ಮೊದಲ ದಿನ ತೊಂಬತ್ತು ಬಂತು, ಮರುದಿನ ನಲವತ್ತು, ಆಮೇಲೆ ಐವತ್ತೈದು, ಆಮೇಲೆ ಮೂವತ್ತು. ಬರೆದದ್ದು ಸಿಸ್ಟರ್. ಆದರೆ ಬಿಳಿ ಇಲ್ಲ ಎಂದು ಸಂತೋಷಪಡುವ ಹಾಗಿರಲಿಲ್ಲ, ಜಿಡ್ಡನ್ನೇ ಕೊಟ್ಟಿರಲಿಲ್ಲವಲ್ಲ. ಐದನೆಯ ದಿನ ಕೊನೆಯ ಪರೀಕ್ಷೆ ಎಂದು ದೊಡ್ಡ ಡಾಕ್ಟರು ಹೇಳಿದರು. ಬೆಳಗ್ಗೆ ಬೆಣ್ಣೆ ಹಚ್ಚಿದ ಬ್ರೆಡ್ಡು, ಮೊಟ್ಟೆ, ಮಧ್ಯಾಹ್ನ ಒಂದು ಲೋಟ ಗಟ್ಟಿ ಹಾಲು. ಸಂಜೆಗೆ ಬಾಟಲಿ ಬೆಳ್ಳಗಾದರೆ ಕಟ್ಟಿದ್ದು ಬಿಚ್ಚಿದೆ ಎಂದರ್ಥ. ಮೂರನೆಯ ಸಲ ಆ ಮೈ ತಡೆಯುವುದಿಲ್ಲ ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ಆ ದಿನ ನಾವಿಬ್ಬರೂ ಬಾಟಲಿಯ ಕಡೆ ನೋಡಲಿಲ್ಲ. ಅದರ ಮೇಲೆ ಸಿಸ್ಟರ್ ಒಂದು ಟವೆಲ್ಲು ಹಾಕಿದ್ದರು. ನಾದಿನಿ ಬಂದು ಊರ ಸುದ್ದಿಯನ್ನೆಲ್ಲ ಹೇಳಿ ಹೋದಳು, ಒಂದೂ ತಲೆಗೆ ಹೋಗಲಿಲ್ಲ. ಸಂಜೆ ಆರಕ್ಕೆ ಸಿಸ್ಟರ್ ಬಂದರು. ತೊಳೆಯುವ ಕೋಣೆಗೆ ಒಯ್ಯಲಿಲ್ಲ, ಅಲ್ಲೇ ಮಂಚದ ಪಕ್ಕದಲ್ಲಿ ನಿಂತು ಬಾಟಲಿ ಬಿಚ್ಚಿ ಜಾಡಿಗೆ ಸುರಿದರು. ಇವರು ಕಣ್ಣು ಮುಚ್ಚಿಕೊಂಡರು. ತುಟಿ ಆಡಿತು. ಬಗ್ಗಿ ಕಿವಿ ಕೊಟ್ಟೆ.

"ನೀನು ನೋಡಿ ಹೇಳು."

ನೀವೇ ನೋಡಿ, ಸಿಸ್ಟರ್ ಇದ್ದಾರೆ, ನನ್ನ ಮಾತು ಯಾಕೆ ಅಂದೆ. ಇವರು ಕಣ್ಣು ತೆರೆಯದೆ ತಲೆ ಅಡ್ಡ ಆಡಿಸಿದರು. ತುಟಿ ಮತ್ತೆ ಆಡಿತು.

"ನೀನೇ ಹೇಳು."

ಸಿಸ್ಟರ್ ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಾನು ಕೈ ಹಚ್ಚಲಿಲ್ಲ. ಮೊಣಕಾಲೂರಿ ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದೆ. ಜಾಡಿಯ ಆಚೆ ಬದಿಯಲ್ಲಿ ಸಿಸ್ಟರಿನ ಬೆರಳುಗಳು ಉಗುರಿನ ಸಮೇತ ಸ್ಪಷ್ಟವಾಗಿ ಕಾಣುತ್ತಿದ್ದವು. ಇವರ ಕಿವಿಯ ಹತ್ತಿರ ಹೋಗಿ, ಇಪ್ಪತ್ತೆಂಟು, ಬಿಳಿ ಇಲ್ಲ, ತಿಳಿಯಾಗಿದೆ ಅಂದೆ.

ಕನ್ನಡಕ ಕೇಳುತ್ತಾರೆ ಎಂದು ಕೈಯಲ್ಲಿ ಹಿಡಿದು ನಿಂತೆ. ಕೇಳಲಿಲ್ಲ. ಜಾಡಿಯ ಕಡೆ ಮುಖ ತಿರುಗಿಸಲಿಲ್ಲ, ಪಟ್ಟಿ ಕೊಡು ಎನ್ನಲಿಲ್ಲ. ಮುಚ್ಚಿದ ಕಣ್ಣಿನ ಎರಡೂ ತುದಿಯಿಂದ ನೀರು ಇಳಿದು ಕುತ್ತಿಗೆಯ ಪಟ್ಟಿಗೆ ಸೇರಿತು. ಸಿಸ್ಟರ್ ಇಪ್ಪತ್ತೆಂಟು ಎಂದು ಬರೆದುಕೊಂಡು ಹತ್ತನೆಯ ಹಾಸಿಗೆಗೆ ಹೋದರು. ಸ್ವಲ್ಪ ಹೊತ್ತಿಗೆ ಇವರಿಗೆ ನಿದ್ದೆ ಹತ್ತಿತು.